ಪಾಠ ಯಾವ ಪ್ರಶ್ನೆಗೆ ಉತ್ತರ ಹೇಳುತ್ತಿದೆ?

(ಬೆಂಗಳೂರಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರು ಮತ್ತು ಪೋಷಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಒಬ್ಬ ರಾಜನಿಗೆ ಮೂರು ಜನ ಗಂಡುಮಕ್ಕಳು ಅಂತ ಕಥೆ ಶುರು ಮಾಡಿ ನೋಡಿ. ದೊಡ್ಡವನು ಕಾಡಿಗೆ ಹೋದ, ಸೋತು ಬಂದ. ನಡುವಿನವನು ಹೋದ, ಅವನೂ ಸೋತು ಬಂದ. ಇಷ್ಟು ಹೇಳುವಷ್ಟರಲ್ಲಿ ಮುಂದೆ ಕೂತ ಆರು ವರ್ಷದ ಮಗುವಿಗೆ ಗೊತ್ತಾಗಿರುತ್ತದೆ, ಕಿರಿಯವನು ಗೆದ್ದೇ ಗೆಲ್ಲುತ್ತಾನೆ ಅಂತ. ಇದನ್ನು ಯಾರು ಕಲಿಸಿದರು? ಯಾರೂ ಕಲಿಸಲಿಲ್ಲ. ಅಜ್ಜಿ ಹೇಳಿದ್ದು, ಅಮ್ಮ ಹೇಳಿದ್ದು, ಟಿವಿಯಲ್ಲಿ ನೋಡಿದ್ದು ಎಲ್ಲ ಸೇರಿ, ಕಥೆ ಹೇಗೆ ಸಾಗುತ್ತದೆ ಎಂಬ ಅಂದಾಜು ತಲೆಯಲ್ಲಿ ಕೂತಿದೆ. ಹಾಗಾಗಿ ಮಗು ಕಥೆಯನ್ನು ಸುಮ್ನೆ ಕೇಳುವುದಿಲ್ಲ. ಮುಂದೆ ಏನು ಬರಬಹುದು ಅಂತ ಕಾಯುತ್ತಾ ಕೇಳುತ್ತದೆ. ಹಾಗೆ ಕಾಯುವುದರಿಂದಲೇ ಕಥೆ ಅರ್ಥವಾಗುತ್ತದೆ, ನೆನಪಿನಲ್ಲೂ ಉಳಿಯುತ್ತದೆ.

ಅದೇ ಮಗು ನಾಲ್ಕನೇ ತರಗತಿಗೆ ಬಂದು ಪರಿಸರ ಅಧ್ಯಯನದ ಪುಸ್ತಕ ತೆರೆಯುತ್ತದೆ. ಅಲ್ಲಿ ರಾಜನೂ ಇಲ್ಲ, ರಾಜನ ಮಗನೂ ಇಲ್ಲ. ನೀರಿನ ಬಗ್ಗೆ ಒಂದು ಪಾಠ. ಮಗು ಅದನ್ನೂ ಕಥೆಯ ಹಾಗೇ ಓದುತ್ತದೆ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಂದೇ ಉಸಿರಿನಲ್ಲಿ. ಯಾರೋ ಬರಬೇಕು, ಏನೋ ಆಗಬೇಕು. ಯಾರೂ ಬರುವುದಿಲ್ಲ, ಏನೂ ಆಗುವುದಿಲ್ಲ, ಪಾಠ ಮುಗಿಯುತ್ತದೆ. ‘ಏನು ಓದಿದೆ ಪುಟ್ಟಾ?’ ಅಂದರೆ ‘ನೀರಿನ ಬಗ್ಗೆ’ ಅನ್ನುತ್ತದೆ. ‘ನೀರಿನ ಬಗ್ಗೆ ಏನು ಹೇಳಿದ್ದಾರೆ?’ ಅಂದರೆ ಸುಮ್ಮನಾಗುತ್ತದೆ.

ಇಲ್ಲಿ ಸರ್ಕಾರಿ ಶಾಲೆಯ ಟೀಚರ್‌ಗಳು ಜಾಸ್ತಿ ಇದ್ದೀರಿ. ಆಡುತ್ತಾ ಕಲಿಯುವ ನಲಿ-ಕಲಿ ಪದ್ಧತಿಯ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹರಡಿತು. ಒಂದರಿಂದ ಮೂರನೇ ತರಗತಿವರೆಗೆ ಕಾರ್ಡು, ಹಾಡು, ಆಟ, ಗುಂಪು. ಅಕ್ಷರ ಕಲಿಯುವುದಕ್ಕೆ ಅದು ಒಳ್ಳೆಯ ದಾರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ನಾಲ್ಕನೇ ತರಗತಿಗೆ ಕಾಲಿಟ್ಟ ದಿನ ಕಾರ್ಡು ಹೋಗಿ ಪುಟಗಟ್ಟಲೆ ಪಾಠ ಬರುತ್ತದೆ. ಅಕ್ಷರ ಓದಲು ಬರುತ್ತದೆ, ಪಾಠ ಓದಲು ಬರುವುದಿಲ್ಲ. ಖಾಸಗಿ ಶಾಲೆಯ ಪೋಷಕರು ನಗಬೇಡಿ, ನಿಮ್ಮ ಮನೆಯಲ್ಲೂ ಇದೇ ಕಥೆ. ಕಾರ್ಡಿನ ಬದಲು ಚಿತ್ರದ ಪುಸ್ತಕ ಇತ್ತು, ಅಷ್ಟೇ.

ಇದು ನಮ್ಮ ಊರಿಗೆ ಮಾತ್ರ ಬಂದ ಕಷ್ಟವೂ ಅಲ್ಲ. ನೆಲ್ ಡ್ಯೂಕ್ ಎಂಬ ಅಮೆರಿಕದ ಸಂಶೋಧಕಿ ಬಾಸ್ಟನ್ ಸುತ್ತಮುತ್ತ 20 ಶಾಲಾ ಕೊಠಡಿಗಳಲ್ಲಿ ಒಂದನೇ ತರಗತಿಯ ಮಕ್ಕಳು ಏನೇನು ಓದುತ್ತಾರೆ ಅಂತ ಲೆಕ್ಕ ಇಟ್ಟರು. 2000ದಲ್ಲಿ ಅದು ಪ್ರಕಟವಾಯಿತು. ಕಥೆಯಲ್ಲದ, ಮಾಹಿತಿ ಕೊಡುವ ಬರಹಕ್ಕೆ ಸಿಗುತ್ತಿದ್ದ ಸಮಯ ದಿನಕ್ಕೆ ಸರಾಸರಿ 3.6 ನಿಮಿಷ. ಒಂದು ಲೋಟ ಹಾಲು ಕುಡಿಯುವುದಕ್ಕೂ ನಮ್ಮ ಮಕ್ಕಳು ಅದಕ್ಕಿಂತ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತಾರೆ, ಅಲ್ವಾ?

ಹಾಗಿದ್ದರೂ ನಮ್ಮ ಮಕ್ಕಳು ಪರೀಕ್ಷೆಯಲ್ಲಿ ಪಾಸಾಗುತ್ತಾರಲ್ಲ, ಅದು ಹೇಗೆ? ಅದಕ್ಕೊಂದು ವ್ಯವಸ್ಥೆ ಇದೆ. ಯಾವುದಾದರೂ ಮಗುವಿನ ಪುಸ್ತಕ ತೆರೆದು ನೋಡಿ. ಪಾಠದ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬ್ರಾಕೆಟ್ ಹಾಕಿರುತ್ತದೆ. ಬ್ರಾಕೆಟ್ ಪಕ್ಕ ‘1’ ಅಂತ. ಎರಡು ಸಾಲು ಬಿಟ್ಟು ಇನ್ನೊಂದು ಬ್ರಾಕೆಟ್, ‘2’ ಅಂತ. ಒಂದನೇ ಪ್ರಶ್ನೆಗೆ ಇಲ್ಲಿಂದ ಇಲ್ಲಿವರೆಗೆ, ಎರಡನೆಯದಕ್ಕೆ ಅಲ್ಲಿಂದ ಅಲ್ಲಿವರೆಗೆ. ಬ್ರಾಕೆಟ್ ಹಾಕಿಸದ ಶಾಲೆಯಲ್ಲಿ ಮಗು ತಾನೇ ಒಂದು ಉಪಾಯ ಕಂಡುಕೊಂಡಿರುತ್ತದೆ. ಪ್ರಶ್ನೆಯಲ್ಲಿ ‘ಹೆಸರಘಟ್ಟ’ ಅಂತ ಇದೆಯಾ, ಪಾಠದಲ್ಲಿ ‘ಹೆಸರಘಟ್ಟ’ ಎಲ್ಲಿದೆ ನೋಡು, ಆ ಸಾಲು ಬರೆ. ಮಾರ್ಕ್ಸ್ ಬರುತ್ತದೆ. ಬ್ರಾಕೆಟ್‌ಗಳ ನಡುವೆ ಉಳಿದ ಸಾಲುಗಳು ಯಾಕಿವೆ ಎಂಬ ಯೋಚನೆ ಯಾರಿಗೂ ಬರುವುದಿಲ್ಲ. ಆದರೆ ಪಾಠವನ್ನು ಹಿಡಿದು ನಿಲ್ಲಿಸಿರುವ ‘ಆದ್ದರಿಂದ’, ‘ಆದರೆ’, ‘ಇದಕ್ಕೆ ಬದಲಾಗಿ’ ಎಲ್ಲ ಇರುವುದು ಆ ಸಾಲುಗಳಲ್ಲೇ.

ಈಗ ನಿಮ್ಮ ಕೈಯಲ್ಲಿರುವ ಹಾಳೆ ನೋಡಿ. ಬೆಂಗಳೂರಿನ ನೀರಿನ ಬಗ್ಗೆ ಮೂರು ಪ್ಯಾರಾ ಇದೆ. ನಾನೇ ಬರೆದದ್ದು, ಭಾಷೆಗೆ ಮಾರ್ಕ್ಸ್ ಕೊಡಬೇಡಿ.

ಮೊದಲನೆಯದು: ‘1894ರಲ್ಲಿ ಅರ್ಕಾವತಿ ನದಿಗೆ ಅಡ್ಡಲಾಗಿ ಹೆಸರಘಟ್ಟದ ಕೆರೆ ಕಟ್ಟಿದರು. ಮುಂದೆ 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಬಂತು. 1974ರಲ್ಲಿ ಕಾವೇರಿ ನೀರಿನ ಮೊದಲ ಹಂತ ಮುಗಿಯಿತು. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಉದ್ಘಾಟನೆಯಾಯಿತು.’

ಎರಡನೆಯದು: ‘ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದೆ. ಊರೊಳಗೆ ದೊಡ್ಡ ನದಿ ಇಲ್ಲ. ಹಾಗಾಗಿ ಹಿಂದಿನವರು ಮಳೆ ನೀರು ಹಿಡಿಯಲು ಕೆರೆ ಕಟ್ಟಿದರು. ಊರು ಬೆಳೆದಿದ್ದರಿಂದ ಕೆರೆ, ಬಾವಿ ಸಾಲದೆ ಹೆಸರಘಟ್ಟಕ್ಕೆ ಹೋಗಬೇಕಾಯಿತು. ಅದೂ ಸಾಲದೆ ತಿಪ್ಪಗೊಂಡನಹಳ್ಳಿಗೆ, ಕೊನೆಗೆ ಕಾವೇರಿಗೆ.’

ಮೂರನೆಯದು: ‘ಕೆರೆಗೆ ನೀರು ಇಳಿಜಾರಿನಲ್ಲಿ ತಾನಾಗಿ ಹರಿದು ಬರುತ್ತಿತ್ತು. ಕಾವೇರಿ ನೀರನ್ನಾದರೋ ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆ ಪಂಪ್ ಮಾಡಿ ತರಬೇಕು. ಕೆರೆ ತುಂಬಲು ಮಳೆ ಬಂದರೆ ಸಾಕಿತ್ತು. ನಲ್ಲಿಯಲ್ಲಿ ಕಾವೇರಿ ಬರಲು ಮಳೆಯೂ ಬೇಕು, ಕರೆಂಟೂ ಬೇಕು.’

ಮೂರೂ ‘ನೀರಿನ ಬಗ್ಗೆ’ಯೇ ಇವೆ. ಆದರೆ ಮೊದಲನೆಯದು ‘ಯಾವುದಾದ ಮೇಲೆ ಯಾವುದು?’ ಎಂಬ ಪ್ರಶ್ನೆಗೆ ಉತ್ತರ ಹೇಳುತ್ತಿದೆ. ಎರಡನೆಯದು ‘ಯಾಕೆ ಹೀಗಾಯಿತು?’ ಅಂತ ಹೇಳುತ್ತಿದೆ. ಮೂರನೆಯದು ‘ಇದಕ್ಕೂ ಅದಕ್ಕೂ ಏನು ವ್ಯತ್ಯಾಸ?’ ಅಂತ. ಮಕ್ಕಳಿಗೆ ನಾನು ಹೇಳಿಕೊಡುವುದು ಇಷ್ಟೇ: ಓದುವಾಗ ಒಂದು ಕಡೆ ನಿಂತು, ಈ ಪ್ಯಾರಾ ಯಾವ ಪ್ರಶ್ನೆಗೆ ಉತ್ತರ ಹೇಳುತ್ತಿದೆ ಅಂತ ಕೇಳಿಕೊ. ಪಾಠದ ಕೊನೆಯಲ್ಲಿ ಅಚ್ಚಾದ ಪ್ರಶ್ನೆ ಬೇರೆ. ಬರೆದವರ ತಲೆಯಲ್ಲಿದ್ದ ಪ್ರಶ್ನೆ ಬೇರೆ. ನಮಗೆ ಬೇಕಾದದ್ದು ಎರಡನೆಯದು.

ಈ ಮೂರು ಪ್ಯಾರಾಗಳನ್ನು ಮೂರು ಗುಂಪಿಗೆ ಕೊಟ್ಟು, ಪದ ಬಳಸದೆ ಚಿತ್ರ ಬಿಡಿಸಿ ಅನ್ನಿ. ಮೊದಲನೇ ಗುಂಪು ಗೆರೆ ಎಳೆದು ಇಸವಿಗಳನ್ನು ಸಾಲಾಗಿ ಇಡುತ್ತದೆ. ಎರಡನೇ ಗುಂಪಿನಲ್ಲಿ ಬಾಣಗಳು ಬರುತ್ತವೆ, ಮನೆಗಳು ಜಾಸ್ತಿಯಾದವು, ಬಾಣ, ಕೆರೆ ಖಾಲಿ, ಬಾಣ. ಮೂರನೇ ಗುಂಪು ಹಾಳೆಯ ಮಧ್ಯೆ ಗೆರೆ ಹಾಕಿ ಎಡಕ್ಕೆ ಕೆರೆ, ಬಲಕ್ಕೆ ಪೈಪು ಬಿಡಿಸುತ್ತದೆ. ರಚನೆ ಎಂಬ ಪದವನ್ನೇ ಹೇಳದೆ ಮಕ್ಕಳು ಪ್ಯಾರಾದ ರಚನೆಯನ್ನು, ಅಂದರೆ ಅದರ ಜೋಡಣೆಯನ್ನು, ಹಾಳೆಗೆ ಇಳಿಸಿರುತ್ತಾರೆ. ಯಾವುದೋ ಒಂದು ಮಗು ಪಂಪಿನ ಪಕ್ಕ ನಾಯಿಯನ್ನೂ ಬಿಡಿಸುತ್ತದೆ. ಇರಲಿ ಬಿಡಿ.

ಇದರ ಹಿಂದೆ ದೊಡ್ಡ ಅಧ್ಯಯನವೇ ಇದೆ. ಬಾನಿ ಮೆಯರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ 1970ರ ದಶಕದಿಂದ ಇದರ ಮೇಲೆ ಕೆಲಸ ಮಾಡಿದರು. ಮಾಹಿತಿ ಬರಹದ ಜೋಡಣೆಯನ್ನು ಐದು ಬಗೆಯಾಗಿ ನೋಡುವುದು ಅವರಿಂದಲೇ ಹೆಚ್ಚು ಬಳಕೆಗೆ ಬಂತು: ವರ್ಣನೆ, ಅನುಕ್ರಮ, ಹೋಲಿಕೆ, ಕಾರಣ-ಪರಿಣಾಮ, ಸಮಸ್ಯೆ-ಪರಿಹಾರ. 1980ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅವರೂ ಅವರ ಜೊತೆಗಾರರೂ ಒಂಬತ್ತನೇ ತರಗತಿಯ ಮಕ್ಕಳಿಗೆ ಬರಹ ಓದಿಸಿ, ನೆನಪಿದ್ದದ್ದನ್ನು ಬರೆಸಿದರು. ಬರೆದವರು ಹೇಗೆ ಜೋಡಿಸಿದ್ದರೋ ಅದೇ ಜೋಡಣೆ ಹಿಡಿದು ಬರೆದ ಮಕ್ಕಳಿಗೆ ಜಾಸ್ತಿ ನೆನಪಿತ್ತು. ಜೋಡಣೆ ಹಿಡಿಯದವರು ಅದೊಂದು, ಇದೊಂದು ಅಂತ ಪಟ್ಟಿ ಮಾಡಿದ್ದರು. ಆಶ್ಚರ್ಯವೇನಿಲ್ಲ. ಮೊಳೆ ಹೊಡೆಯದ ಗೋಡೆಗೆ ಅಂಗಿ ನೇತುಹಾಕಲು ಹೋದರೆ ಅಂಗಿ ಎಲ್ಲಿರುತ್ತದೆ? ನೆಲದ ಮೇಲೆ.

ಐದು ಹೆಸರು ಹೇಳಿದೆ ಅಂತ ನಾಳೆಯೇ ಚಾರ್ಟ್ ಪೇಪರ್ ತಂದು ಬರೆದು ಅಂಟಿಸಬೇಡಿ. ನನಗೆ ಇದರಲ್ಲಿರುವ ದೊಡ್ಡ ಭಯವೇ ಅದು. ಚಾರ್ಟ್ ಬಂದರೆ ಮರುವಾರ ‘ಈ ಕೆಳಗಿನ ಪ್ಯಾರಾ ಯಾವ ಬಗೆಯದು? ಸರಿ ಉತ್ತರಕ್ಕೆ ಗುರುತು ಹಾಕಿ’ ಎಂಬ ಪ್ರಶ್ನೆ ಬರುತ್ತದೆ. ಮಕ್ಕಳು ಐದು ಹೆಸರನ್ನು ಬಾಯಿಪಾಠ ಮಾಡುತ್ತಾರೆ. ಎಲ್ಲಿಯೋ ‘ಆದ್ದರಿಂದ’ ಕಂಡರೆ ಕಾರಣ-ಪರಿಣಾಮ ಅಂತ ಟಿಕ್ ಹಾಕುತ್ತಾರೆ. ಪೆನ್ಸಿಲ್ ಬ್ರಾಕೆಟ್ ಇದ್ದ ಜಾಗಕ್ಕೆ ಇನ್ನೊಂದು ಬ್ರಾಕೆಟ್ ಬಂದ ಹಾಗಾಯಿತು. ಅಲ್ಲದೆ ನಿಜವಾದ ಪಾಠ ಯಾವುದೂ ಒಂದೇ ಬಗೆಯದಲ್ಲ. ನನ್ನ ಎರಡನೇ ಪ್ಯಾರಾದಲ್ಲೇ ಕಾರಣದ ಜೊತೆಗೆ ಅನುಕ್ರಮವೂ ಇದೆ. ಯಾವುದು ಅಂತ ಮಕ್ಕಳು ಜಗಳ ಆಡಿದರೆ ಒಳ್ಳೆಯದು, ಆಡಲಿ ಬಿಡಿ. ಜಗಳ ಆಡಲು ಮತ್ತೆ ಪ್ಯಾರಾ ಓದಲೇಬೇಕಲ್ಲ.

ಈಗ ಸ್ವಲ್ಪ ನಿಧಾನವಾಗಿ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಈ ಐದು ಬಗೆಯ ಜೊತೆಗೆ ಇಂಗ್ಲಿಷ್‌ನಿಂದ ಸುಳಿವು ಪದಗಳ ಪಟ್ಟಿಯೂ ಬರುತ್ತದೆ. ನಾವು ಅದನ್ನು ಕನ್ನಡಕ್ಕೆ ಇಳಿಸಿ ‘ಏಕೆಂದರೆ’, ‘ಆದ್ದರಿಂದ’, ‘ಆದರೆ’, ‘ನಂತರ’, ‘ಮೊದಲನೆಯದಾಗಿ’ ಅಂತ ಗೋಡೆಗೆ ಅಂಟಿಸುತ್ತೇವೆ. ತಪ್ಪೇನಿಲ್ಲ. ಆದರೆ ಅದು ಸಾಲದು. ಕನ್ನಡದಲ್ಲಿ ಸುಳಿವು ಬಹಳ ಸಲ ಬೇರೆ ಪದವಾಗಿ ಬರುವುದೇ ಇಲ್ಲ. ಕ್ರಿಯಾಪದದ ಬಾಲದಲ್ಲಿ ಅಂಟಿಕೊಂಡು ಬರುತ್ತದೆ.

ಬೋರ್ಡಿನ ಮೇಲೆ ಬರೆದದ್ದು ನೋಡಿ:

ಕೆರೆ ತುಂಬಿ…
ಕೆರೆ ತುಂಬಿದ್ದರಿಂದ…
ಕೆರೆ ತುಂಬಿದ ಮೇಲೆ…
ಕೆರೆ ತುಂಬಿದರೆ…
ಕೆರೆ ತುಂಬಿದರೂ…

ಐದು ಸಲವೂ ಕೆರೆ, ಐದು ಸಲವೂ ತುಂಬುವುದು. ಬಾಲ ಬದಲಾದ ಕೂಡಲೇ ಮುಂದೆ ಬರಬೇಕಾದ ಮಾತು ಬದಲಾಗುತ್ತದೆ. ‘ತುಂಬಿದ್ದರಿಂದ’ ಅಂದರೆ ಒಂದು ಪರಿಣಾಮ ಬರಬೇಕು: ‘ನೀರು ರಸ್ತೆಗೆ ನುಗ್ಗಿತು.’ ‘ತುಂಬಿದ ಮೇಲೆ’ ಅಂದರೆ ಮುಂದಿನ ಕೆಲಸ ಬರಬೇಕು: ‘ತೂಬು ತೆಗೆದರು.’ ‘ತುಂಬಿದರೆ’ ಅಂದರೆ ಇನ್ನೂ ತುಂಬಿಲ್ಲ. ‘ತುಂಬಿದರೂ’ ಅಂದರೆ ನಾವು ಅಂದುಕೊಂಡದ್ದು ಆಗಲಿಲ್ಲ: ‘ನಮ್ಮ ಬೋರ್‌ವೆಲ್‌ನಲ್ಲಿ ನೀರು ಬರಲಿಲ್ಲ.’ ಇನ್ನು ಬರೀ ‘ತುಂಬಿ’ ಇದೆಯಲ್ಲ, ಅದು ಎಲ್ಲಕ್ಕಿಂತ ಕಿಲಾಡಿ. ‘ಕೆರೆ ತುಂಬಿ ನೀರು ರಸ್ತೆಗೆ ಬಂತು’ ಅಂದಾಗ ಅಲ್ಲಿ ಒಂದಾದ ಮೇಲೆ ಒಂದು ಅನ್ನುವುದೂ ಇದೆ, ಅದರಿಂದ ಇದು ಅನ್ನುವುದೂ ಇದೆ. ಬಾಯಲ್ಲಿ ನಾವೆಲ್ಲ ದಿನಾ ಹೀಗೇ ಮಾತಾಡುತ್ತೇವೆ. ಪಾಠ ಬರೆಯುವವರೂ ಹೀಗೇ ಬರೆಯುತ್ತಾರೆ. ಗೋಡೆಯ ಮೇಲಿನ ಪಟ್ಟಿಯಲ್ಲಿ ಮಾತ್ರ ಇದಕ್ಕೆ ಜಾಗವಿಲ್ಲ.

ನಮ್ಮ ಬೆಂಗಳೂರಿನ ತರಗತಿಗಳಲ್ಲಿ ಇದು ಇನ್ನೂ ಮುಖ್ಯ. ಶಿವಾಜಿನಗರವೋ ಹಲಸೂರೋ ಕೆ.ಆರ್. ಪುರವೋ, ಯಾವ ಶಾಲೆಗೆ ಹೋದರೂ ಮನೆಯಲ್ಲಿ ತಮಿಳು, ತೆಲುಗು, ಉರ್ದು, ಹಿಂದಿ ಮಾತಾಡುವ ಮಕ್ಕಳು ಕನ್ನಡದಲ್ಲಿ ಓದುತ್ತಿರುತ್ತಾರೆ. ಅವರು ‘ಕೆರೆ’, ‘ತುಂಬು’ ಎರಡನ್ನೂ ಕಲಿತಿರುತ್ತಾರೆ. ‘ತುಂಬಿದರೆ’ಗೂ ‘ತುಂಬಿದರೂ’ಗೂ ಇರುವ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಒಂದು ಸ್ವರದ ವ್ಯತ್ಯಾಸ, ಆದರೆ ಅರ್ಥ ತಿರುಗಿ ನಿಲ್ಲುತ್ತದೆ. ಇಂಥ ಮಕ್ಕಳಿಗೆ ಅವರ ಮನೆಮಾತನ್ನೇ ಸಹಾಯಕ್ಕೆ ಕರೆಯಿರಿ. ತಮಿಳಿನಲ್ಲಿ ‘ವಂದಾಲ್’, ‘ವಂದಾಲುಂ’ ಇದೆ. ತೆಲುಗಿನಲ್ಲಿ ‘ವಸ್ತೇ’, ‘ವಚ್ಚಿನಾ’ ಇದೆ. ನಮ್ಮ ‘ಬಂದರೆ’, ‘ಬಂದರೂ’ ಜೋಡಿಯೇ ಅದು. ‘ನಿಮ್ಮನೆಯಲ್ಲಿ ಇದನ್ನು ಹೇಗೆ ಹೇಳ್ತೀರಿ?’ ಅಂತ ಕೇಳಿದ ಕೂಡಲೇ ಮಗುವಿನ ಮುಖ ಅರಳುತ್ತದೆ. ಅದಕ್ಕೆ ಮೊದಲೇ ಗೊತ್ತಿದ್ದ ವಿಷಯ ಅದು.

ಆಟ ತುಂಬಾ ಸುಲಭ. ನೀವು ಅರ್ಧ ವಾಕ್ಯ ಹೇಳಿ, ಮಕ್ಕಳು ಮುಗಿಸಲಿ. ‘ಬಸ್ಸು ಬಂದರೂ…’ ‘ಜಾಗ ಇರಲಿಲ್ಲ ಮಿಸ್!’ ‘ಬಸ್ಸು ಬಂದ ಮೇಲೆ…’ ‘ಹತ್ತಿದ್ವಿ!’ ಐದು ನಿಮಿಷ ಸಾಕು. ಆಮೇಲೆ ಪಾಠದ ಒಂದೇ ಒಂದು ಪ್ಯಾರಾ ತೆಗೆದು, ಪ್ರತಿ ವಾಕ್ಯದಲ್ಲಿ ಕ್ರಿಯಾಪದದ ಬಾಲಕ್ಕೆ ಪೆನ್ಸಿಲ್‌ನಲ್ಲಿ ಗೆರೆ ಹಾಕಿಸಿ. ಅದೇ ಪೆನ್ಸಿಲ್, ಬೇರೆ ಕೆಲಸ.

ರಚನೆಯ ಮಾತು ಇಷ್ಟು ಸಾಕು. ಇನ್ನೊಂದು ಇದೆ, ಪುಟದ ಮೇಲೆ ಕಣ್ಣಿಗೆ ಕಾಣುವ ಅಂಗಗಳು. ಶೀರ್ಷಿಕೆ, ಉಪಶೀರ್ಷಿಕೆ, ದಪ್ಪಕ್ಷರ, ಚಿತ್ರ, ಚಿತ್ರದ ಕೆಳಗಿನ ಸಾಲು, ನಕ್ಷೆ, ಕೋಷ್ಟಕ, ಬಾಕ್ಸು, ಪರಿವಿಡಿ, ಕೊನೆಯಲ್ಲಿರುವ ಪದಗಳ ಅರ್ಥ. ಇವೆಲ್ಲ ತಾವಾಗಿಯೇ ಅರ್ಥವಾಗುತ್ತವೆ ಅಂತ ನಾವು ಅಂದುಕೊಂಡಿದ್ದೇವೆ. ಮಗುವಿನ ಕೈಲಿ ಜೋರಾಗಿ ಓದಿಸಿ ನೋಡಿ. ಪುಟದ ಬಲಗಡೆ ‘ನಿಮಗಿದು ಗೊತ್ತೇ?’ ಅಂತ ಬಣ್ಣದ ಬಾಕ್ಸ್ ಇರುತ್ತದೆ. ಪಾಠದ ವಾಕ್ಯ ಅರ್ಧಕ್ಕೆ ನಿಂತು ಮುಂದಿನ ಪುಟಕ್ಕೆ ಹೋಗಿರುತ್ತದೆ. ಮಗು ಆ ಅರ್ಧ ವಾಕ್ಯ ಓದಿ, ಉಸಿರು ಬಿಡದೆ ಬಾಕ್ಸಿನೊಳಗೆ ನುಗ್ಗುತ್ತದೆ. ‘ಕೆರೆಯ ನೀರನ್ನು ಜನರು ನಿಮಗಿದು ಗೊತ್ತೇ ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು.’ ಕೇಳಿದವರು ನಗುತ್ತಾರೆ. ಬಾಕ್ಸ್ ಅಂದರೆ ಪಕ್ಕದ ಮಾತು, ಆಮೇಲೆ ಓದಿದರೂ ಆಗುತ್ತದೆ ಅಂತ ಆ ಮಗುವಿಗೆ ಒಂದು ಸಲವೂ ಯಾರೂ ಹೇಳಿರುವುದಿಲ್ಲ.

ಅಂಗಗಳನ್ನು ಕಲಿಸಲು ಪಠ್ಯಪುಸ್ತಕವೇ ಬೇಕು ಅಂತಿಲ್ಲ. ನಮ್ಮ ಊರಿನ ರಸ್ತೆಯಲ್ಲೇ ಬೇಕಾದಷ್ಟಿದೆ. ಬಿಎಂಟಿಸಿ ಬಸ್ಸಿನ ಬೋರ್ಡನ್ನು ಯಾರೂ ಎಡದಿಂದ ಬಲಕ್ಕೆ ಪೂರ್ತಿ ಓದುವುದಿಲ್ಲ. ನಂಬರ್ ನೋಡುತ್ತೇವೆ. ‘ಕೆಐಎ’ ಅಂತಿದ್ದರೆ ಏರ್‌ಪೋರ್ಟ್ ಬಸ್ಸು, ನಮಗೆ ಬೇಡ. ‘500’ರಿಂದ ಶುರುವಾದರೆ ರಿಂಗ್ ರೋಡಿನ ಕಡೆ ಇರಬೇಕು ಅಂತ ಊಹಿಸುತ್ತೇವೆ. ಬೇಕಾದದ್ದನ್ನು ಮಾತ್ರ ಹುಡುಕಿ ಓದುವುದೂ ಓದೇ. ಮಕ್ಕಳಿಗೆ ಅದನ್ನು ಹೇಳಬೇಕು, ಯಾಕೆಂದರೆ ಶಾಲೆಯಲ್ಲಿ ಪೂರ್ತಿ ಓದದಿದ್ದರೆ ಬೈಗುಳ ಬೀಳುತ್ತದೆ.

ಮೆಟ್ರೊ ನಕ್ಷೆಯಂತೂ ಒಂದು ತಿಂಗಳ ಪಾಠಕ್ಕಾಗುತ್ತದೆ. ನೇರಳೆ, ಹಸಿರು, 2025ರ ಆಗಸ್ಟ್‌ನಿಂದ ಹಳದಿ. ಮೆಜೆಸ್ಟಿಕ್‌ನಲ್ಲಿ ನೇರಳೆ ಮತ್ತು ಹಸಿರು ಸೇರುತ್ತವೆ, ಆರ್.ವಿ. ರಸ್ತೆಯಲ್ಲಿ ಹಸಿರು ಮತ್ತು ಹಳದಿ. ಮಕ್ಕಳಿಗೆ ಇದೆಲ್ಲ ಬೇಗ ಹತ್ತುತ್ತದೆ. ಆಮೇಲೆ ಒಂದು ಪ್ರಶ್ನೆ ಹಾಕಿ: ನಕ್ಷೆಯಲ್ಲಿ ಎಲ್ಲ ನಿಲ್ದಾಣಗಳ ನಡುವೆ ಹೆಚ್ಚುಕಡಿಮೆ ಒಂದೇ ಅಂತರ ಇದೆ, ನಿಜವಾಗಿಯೂ ಹಾಗೇ ಇದೆಯಾ? ದಿನಾ ಅಪ್ಪನ ಜೊತೆ ಮೆಟ್ರೊದಲ್ಲಿ ಹೋಗುವ ಮಗು ‘ಇಲ್ಲ, ಕೆಲವು ಬೇಗ ಬರುತ್ತೆ’ ಅನ್ನುತ್ತದೆ. ಹಾಗಾದರೆ ನಕ್ಷೆ ಸುಳ್ಳಾ? ಅಲ್ಲ, ಅದು ಹೇಳಹೊರಟಿರುವುದು ದೂರವನ್ನಲ್ಲ, ಸಾಲನ್ನು. ಯಾವುದಾದ ಮೇಲೆ ಯಾವುದು, ಎಲ್ಲಿ ಬದಲಾಯಿಸಬೇಕು. ಮತ್ತೆ ಅದೇ ಮಾತಿಗೆ ಬಂದೆವು ನೋಡಿ, ಇದು ಯಾವ ಪ್ರಶ್ನೆಗೆ ಉತ್ತರ ಹೇಳುತ್ತಿದೆ?

ಇದರ ಪಕ್ಕಕ್ಕೆ ಬೆಂಗಳೂರಿನ ಹಳೆಯ ಕೆರೆಗಳ ನಕ್ಷೆ ಇಟ್ಟರೆ ಇನ್ನೂ ಚೆನ್ನ. ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವಲ್ಲಿ ಧರ್ಮಾಂಬುಧಿ ಕೆರೆ ಇತ್ತು. ಕಂಠೀರವ ಕ್ರೀಡಾಂಗಣ ಇರುವಲ್ಲಿ ಸಂಪಂಗಿ ಕೆರೆ ಇತ್ತು. ಹಳೆಯ ನಕ್ಷೆಯಲ್ಲಿ ನೀಲಿ, ಹೊಸದರಲ್ಲಿ ಕಟ್ಟಡ. ಯಾವ ಬಣ್ಣ ಏನು ಅಂತ ಹೇಳುವ ಸೂಚಿ ನೋಡದೆ ನಕ್ಷೆ ಅರ್ಥವಾಗುವುದಿಲ್ಲ ಎಂಬುದು ಆಗ ತಾನಾಗಿ ಗೊತ್ತಾಗುತ್ತದೆ. ಎರಡು ನಕ್ಷೆ ಪಕ್ಕಪಕ್ಕ ಇಟ್ಟರೆ ಹೋಲಿಕೆಯ ಪಾಠ ನೀವು ಮಾಡುವ ಮುಂಚೆಯೇ ಮಕ್ಕಳು ಶುರು ಮಾಡಿರುತ್ತಾರೆ. ‘ಮಳೆ ಬಂದಾಗ ಅಲ್ಲಿ ನೀರು ಯಾಕೆ ನಿಲ್ಲುತ್ತೆ ಅಂತ ಈಗ ಗೊತ್ತಾಯ್ತು’ ಅಂತ ಒಂದು ಮಗುವಾದರೂ ಹೇಳುತ್ತದೆ. ಹೋಲಿಕೆಯಿಂದ ಕಾರಣಕ್ಕೆ ಅದು ತಾನೇ ದಾಟಿತು.

ಮನೆಯಲ್ಲೂ ಸಾಮಗ್ರಿ ಇದೆ. ಓಆರ್‌ಎಸ್ ಪೊಟ್ಟಣ ತೆಗೆದುಕೊಳ್ಳಿ. ಪೂರ್ತಿ ಒಂದು ಲೀಟರ್ ನೀರಿಗೆ ಕಲಸುವ ದೊಡ್ಡ ಪೊಟ್ಟಣ ಇದೆ, 200 ಮಿಲಿಲೀಟರ್‌ಗೆ ಕಲಸುವ ಚಿಕ್ಕದೂ ಇದೆ. ಯಾವುದು ಯಾವುದಕ್ಕೆ ಅಂತ ಪೊಟ್ಟಣದ ಮೇಲೆಯೇ ಬರೆದಿರುತ್ತದೆ, ಆದರೆ ಎಲ್ಲಿ ನೋಡಬೇಕು ಅಂತ ಗೊತ್ತಿರಬೇಕು. ಹೆಸರು ದೊಡ್ಡಕ್ಷರದಲ್ಲಿ, ಅಳತೆ ಚಿಕ್ಕಕ್ಷರದಲ್ಲಿ. ಎಂಟು ವರ್ಷದ ಮಗುವಿಗೆ ‘ಬಳಸುವ ವಿಧಾನ ಎಲ್ಲಿದೆ, ಹುಡುಕು’ ಅಂತ ಹೇಳಿ. ಅಳತೆ ತಪ್ಪಿದರೆ ಏನಾಗುತ್ತದೆ ಎಂಬುದನ್ನೂ ಹೇಳಿ. ಅದಕ್ಕಿಂತ ಒಳ್ಳೆಯ ಕಾರಣ ಬೇಕಾ, ಚಿಕ್ಕಕ್ಷರ ಓದಲು?

ಪರಿವಿಡಿ, ಪದಕೋಶದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ಎಷ್ಟೋ ಮಕ್ಕಳಿಗೆ ಎಬಿಸಿಡಿ ಕ್ರಮ ನೀರು ಕುಡಿದಷ್ಟು ಸಲೀಸು. ಕನ್ನಡ ನಿಘಂಟಿನಲ್ಲಿ ‘ಕ್ಷಮೆ’ ಹುಡುಕು ಅಂದರೆ ‘ಳ’ ಆದ ಮೇಲೆ, ಪುಸ್ತಕದ ತುದಿಯಲ್ಲಿ ಹುಡುಕುತ್ತಾರೆ. ಅದು ‘ಕ’ದ ಕೊನೆಯಲ್ಲಿ ಇರುತ್ತದೆ. ಹಳೆಯ ಪುಸ್ತಕಗಳಲ್ಲಿ ಪುಟಸಂಖ್ಯೆ ಕನ್ನಡ ಅಂಕಿಯಲ್ಲಿ ಬೇರೆ. ಪರಿವಿಡಿಯಲ್ಲಿ ‘೪೭’ ನೋಡಿ ಕೈಚೆಲ್ಲುವ ಏಳನೇ ತರಗತಿಯ ಮಕ್ಕಳಿದ್ದಾರೆ. ವಾರಕ್ಕೆ ಒಂದು ಸಲ ನಿಘಂಟಿನಲ್ಲಿ ಪದ ಹುಡುಕುವ ಪಂದ್ಯ ಇಡಿ. ಇದಕ್ಕೆ ಇದಕ್ಕಿಂತ ಜಾಸ್ತಿ ಸಿದ್ಧಾಂತ ಬೇಡ.

ಮುಂದಿನ ಸಾಲಿನಲ್ಲಿ ಒಬ್ಬರು ಗಡಿಯಾರ ನೋಡುತ್ತಿದ್ದಾರೆ. ಅವರ ಮನಸ್ಸಿನಲ್ಲಿ ಇರುವುದು ಗೊತ್ತು: ‘ಇದೆಲ್ಲ ಸರಿ, ಸಿಲಬಸ್ ಮುಗಿಸೋದು ಯಾವಾಗ?’ ನ್ಯಾಯವಾದ ಮಾತು. ಜೊಯಾನಾ ವಿಲಿಯಮ್ಸ್ ಎಂಬ ಸಂಶೋಧಕಿ ನ್ಯೂಯಾರ್ಕ್‌ನಲ್ಲಿ ಇದನ್ನೇ ನೋಡಿದರು. ಎರಡನೇ ತರಗತಿಯ ಮಕ್ಕಳು, ಪ್ರಾಣಿಗಳ ಪಾಠ. ಕೆಲವು ತರಗತಿಗಳಲ್ಲಿ ಪಾಠದ ಜೊತೆಗೆ ಹೋಲಿಕೆಯ ರಚನೆ, ಸುಳಿವು ಪದ, ಕೋಷ್ಟಕ ಹಾಕುವುದು ಎಲ್ಲ ಕಲಿಸಿದರು. ಇನ್ನು ಕೆಲವು ತರಗತಿಗಳಲ್ಲಿ ಅದೇ ಪ್ರಾಣಿಗಳ ವಿಷಯವನ್ನು ಮಾತ್ರ ಕಲಿಸಿದರು. 2005ರಲ್ಲಿ ಫಲಿತಾಂಶ ಪ್ರಕಟವಾಯಿತು. ರಚನೆ ಕಲಿತ ಮಕ್ಕಳು ಹೊಸ ಹೋಲಿಕೆ ಬರಹವನ್ನು ಚೆನ್ನಾಗಿ ಓದಿದರು. ಪ್ರಾಣಿಗಳ ವಿಷಯ ಕಲಿಯುವುದರಲ್ಲೂ ಹಿಂದೆ ಬೀಳಲಿಲ್ಲ. ಅಂದರೆ ಸಿಲಬಸ್ಸಿಗೆ ನಷ್ಟವಾಗಲಿಲ್ಲ. ಇನ್ನೊಂದು ವಿಷಯ ಗಮನಿಸಿ. ಹೋಲಿಕೆ ಕಲಿಸಿದರೆ ಹೋಲಿಕೆ ಬರುತ್ತದೆ, ಅದರಿಂದ ಕಾರಣ-ಪರಿಣಾಮ ತಾನಾಗಿ ಬಂದುಬಿಡುವುದಿಲ್ಲ. ಹಾಗಾಗಿ ಒಂದು ತಿಂಗಳು ಒಂದೇ ಹಿಡಿಯಿರಿ. ಬೇರೆ ಪುಸ್ತಕ ಬೇಡ, ನಿಮ್ಮ ಪರಿಸರ ಅಧ್ಯಯನದ ಪಾಠವೇ ಸಾಕು.

ಮಾತು ಮುಗಿದ ಮೇಲೆ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ.

ಒಬ್ಬ ತಾಯಿ ಕೇಳಿದರು: ‘ನಮ್ಮ ಮಗ ಎಲ್ಲವನ್ನೂ ಫೋನಿನಲ್ಲೇ ಓದುತ್ತಾನೆ. ಅಲ್ಲಿ ಇದೆಲ್ಲ ಬರುತ್ತಾ?’ ಬರುತ್ತದೆ, ಇನ್ನೂ ಜಾಸ್ತಿ ಬೇಕಾಗುತ್ತದೆ. ಫೋನಿನಲ್ಲಿ ಬರಹದ ನಡುವೆಯೇ ಜಾಹೀರಾತು ಬರುತ್ತದೆ, ಅದೇ ಅಕ್ಷರ, ಅದೇ ಅಗಲ. ಅದರ ಮೂಲೆಯಲ್ಲಿ ಪ್ರಾಯೋಜಿತ ಅಂತ ಸಣ್ಣದಾಗಿ ಬರೆದಿರುತ್ತದೆ. ಆ ಚಿಕ್ಕ ಪದವನ್ನು ಹುಡುಕುವುದನ್ನೇ ಮೊದಲು ಕಲಿಸಿ. ಅವನ ಜೊತೆ ಕೂತು, ಒಂದು ಪುಟದಲ್ಲಿ ಯಾವುದು ಬರಹ, ಯಾವುದು ಜಾಹೀರಾತು, ಯಾವುದು ಬೇರೆ ಪುಟಕ್ಕೆ ಹೋಗುವ ದಾರಿ ಅಂತ ಅವನ ಕೈಲೇ ಹೇಳಿಸಿ. ಒಂದು ಎಚ್ಚರಿಕೆ: ಈ ಆಟದಲ್ಲಿ ಅವನೇ ನಿಮ್ಮನ್ನು ಸೋಲಿಸಬಹುದು.

ಇನ್ನೊಬ್ಬರು ಸರ್ಕಾರಿ ಶಾಲೆಯ ಶಿಕ್ಷಕರು. ‘ಸರಿ ಸಾರ್, ಬಗೆಯ ಹೆಸರು ಕೇಳಬೇಡಿ ಅಂದ್ರಿ. ಹಾಗಾದ್ರೆ ಪರೀಕ್ಷೆಯಲ್ಲಿ ಏನು ಕೇಳೋದು?’ ನಾನು ಹೇಳಿದ್ದು ಇದು. ಒಂದು ಪ್ಯಾರಾ ಕೊಡಿ, ಕೊನೆಯ ವಾಕ್ಯ ತೆಗೆದುಬಿಡಿ. ಉದಾಹರಣೆಗೆ: ‘ಬೇಸಿಗೆ ಬಂದರೆ ನಮ್ಮ ಬಡಾವಣೆಯ ಕೊಳವೆಬಾವಿಗಳು ಬತ್ತುತ್ತವೆ. ಅಂಗಳಕ್ಕೆಲ್ಲ ಸಿಮೆಂಟ್ ಹಾಕಿರುವುದರಿಂದ ಮಳೆ ನೀರು ನೆಲಕ್ಕೆ ಇಂಗುವುದಿಲ್ಲ. ಹೀಗೇ ಬಿಟ್ಟರೆ ಆಗದು ಅಂತ ಎಲ್ಲರೂ ಸೇರಿ ಮಾತಾಡಿದರು.’ ಆಮೇಲೆ ಮೂರು ವಾಕ್ಯ ಕೊಟ್ಟು ಯಾವುದು ಹೊಂದುತ್ತದೆ ಅಂತ ಕೇಳಿ. ಒಂದು, ಕೊಳವೆಬಾವಿ ತೆರೆದ ಬಾವಿಗಿಂತ ಆಳವಾಗಿರುತ್ತದೆ. ಎರಡು, ಚಾವಣಿಯ ನೀರನ್ನು ಇಂಗುಗುಂಡಿಗೆ ಬಿಡಲು ಪೈಪು ಹಾಕಿಸಿದರು. ಮೂರು, ಜೂನ್ ತಿಂಗಳಲ್ಲಿ ಮಳೆ ಶುರುವಾಯಿತು. ಮೂರೂ ನೀರಿನ ಬಗ್ಗೆಯೇ, ಮೂರೂ ಸುಳ್ಳೇನಲ್ಲ. ಪದ ಹೊಂದಿಸಿ ಉತ್ತರ ಹುಡುಕುವ ಮಗು ಕೊಳವೆಬಾವಿ ನೋಡಿ ಮೊದಲನೆಯದಕ್ಕೆ ಹೋಗುತ್ತದೆ. ಪ್ಯಾರಾ ಎತ್ತ ಸಾಗುತ್ತಿದೆ ಅಂತ ಹಿಡಿದ ಮಗು ಎರಡನೆಯದಕ್ಕೆ ಬರುತ್ತದೆ. ಯಾವುದಾದರೂ ಮಗು ಮೂರನೆಯದನ್ನು ಆರಿಸಿದರೆ ಕೆಂಪು ಗೆರೆ ಎಳೆಯುವ ಮುಂಚೆ ಯಾಕೆ ಅಂತ ಕೇಳಿ. ‘ಮಳೆ ಬಂದ್ರೆ ನೀರಿನ ತೊಂದರೆ ಹೋಗುತ್ತಲ್ಲ ಸಾರ್’ ಅಂದರೆ ಅದು ಪರಿಹಾರವನ್ನೇ ಹುಡುಕಿದೆ. ಅಂಗಳದ ಸಿಮೆಂಟ್ ಒಂದನ್ನು ಮರೆತಿದೆ, ಅಷ್ಟೇ. ಅರ್ಧ ಮಾರ್ಕ್ಸ್ ಕೊಟ್ಟು, ಪ್ಯಾರಾದ ಎರಡನೇ ವಾಕ್ಯವನ್ನು ಇನ್ನೊಂದು ಸಲ ಓದಿಸಿ.